ಮನೆ ಮುಂದಿನ ಸೈಡ್‌ವಾಕ್ ಎದ್ದಿದ್ಯಾ, ಜಾಯಿಂಟ್ ಕಿತ್ತೋಗಿದ್ಯಾ? ಯಾರಾದ್ರೂ ಎಡವಿ ಬೀಳೋ ಮುಂಚೆ ಏನೇನ್ ಮಾಡ್ಬೇಕು

ಅಮ್ಮ ಮೈಸೂರಿಂದ ಬಂದಿದ್ದಾಗ ನಡೆದಿದ್ದು ಇದು. ಸಂಜೆ ಹೊತ್ತು ಮನೆ ಮುಂದೆ ಕುರ್ಚಿ ಹಾಕ್ಕೊಂಡು ಹುರಳಿಕಾಯಿ ಬಿಡಿಸ್ತಾ ಕೂತಿದ್ರು, ನಾನು ಒಳಗೆ ಆಫೀಸ್ ಕಾಲ್‌ನಲ್ಲಿದ್ದೆ, ಇದ್ದಕ್ಕಿದ್ದ ಹಾಗೆ "ಏ ಬಾರೋ ಬೇಗ, ಪಾಪ ಅಜ್ಜಿ ಬಿದ್ಬಿಟ್ರು" ಅಂತ ಕೂಗಿದ್ರು. ಓಡಿ ಹೋಗಿ ನೋಡಿದ್ರೆ ಪಕ್ಕದ ಬೀದಿಯಿಂದ ದಿನಾ ವಾಕಿಂಗ್ ಬರೋ ಒಬ್ರು ಅಜ್ಜಿ, ಎಪ್ಪತ್ತು ದಾಟಿರ್ಬೇಕು, ನಮ್ಮನೆ ಮರದ ಮುಂದೆ ಎದ್ದಿದ್ದ ಸ್ಲ್ಯಾಬ್‌ಗೆ ಕಾಲು ತಾಗಿ ಮುಂದಕ್ಕೆ ಬಿದ್ದಿದ್ರು. ಮಂಡಿ ತರಚಿತ್ತು, ಅಂಗೈಲಿ ರಕ್ತ. ಅಮ್ಮ ನೀರು ತಂದ್ರು, ನಾನು ಅವ್ರನ್ನ ಕೂರಿಸಿ ಒಂದು ಹತ್ತು ಸಲ "ಸಾರಿ, ನಮ್ದೇ ತಪ್ಪು, ಯಾವಾಗ್ಲೋ ಸರಿ ಮಾಡಿಸ್ಬೇಕಿತ್ತು" ಅಂದೆ. ದೇವರ ದಯೆ, ಮೂಳೆ ಏನೂ ಮುರೀಲಿಲ್ಲ, ಅವ್ರ ಮಗ ಬಂದು ಕರ್ಕೊಂಡು ಹೋದ್ರು, ಆಮೇಲೆ ಯಾವ ತೊಂದರೇನೂ ಬರ್ಲಿಲ್ಲ.

ಆ ರಾತ್ರಿ ಟೇಪ್ ಹಿಡ್ಕೊಂಡು ಅಳೆದೆ. ಮುಕ್ಕಾಲು ಇಂಚಿಗಿಂತ ಜಾಸ್ತಿ ಎದ್ದಿತ್ತು. ಮನೆ ತಗೊಂಡ ದಿನದಿಂದ ನೋಡ್ತಾನೇ ಇದ್ದೆ, ಆದ್ರೆ ತಲೇಲಿ ಇದ್ದಿದ್ದು ಊರಿನ ಲೆಕ್ಕ, ಫುಟ್‌ಪಾತ್ ಅಂದ್ರೆ ಪಾಲಿಕೇದು, ಚಪ್ಪಡಿ ಎದ್ರೂ ಅವ್ರೇ ಹಾಕ್ಬೇಕು, ನಮ್ದು ಕಾಂಪೌಂಡ್ ಒಳಗೆ ಮಾತ್ರ ಅಂತ. ಇಲ್ಲಿ, ಅಂದ್ರೆ ಸ್ಯಾನ್ ಹೋಸೆಯಲ್ಲಿ, ಆ ಲೆಕ್ಕ ಪೂರ್ತಿ ಉಲ್ಟಾ. ಅದಾದ್ಮೇಲೆ ಒಂದೂವರೆ ವರ್ಷ ಇದರ ಹಿಂದೆ ಬಿದ್ದು ಓದಿದ್ದು, ಮಾಡಿಸಿದ್ದು, ಒಂದ್ಸಲ ತಪ್ಪಾಗಿ ಮಾಡಿಸಿ ಮತ್ತೆ ಮಾಡಿಸಿದ್ದು ಎಲ್ಲಾ ಸೇರಿಸಿ ಬರೀತಿದೀನಿ. ಕ್ಯಾಲಿಫೋರ್ನಿಯಾದಲ್ಲಿ ಹೊಸದಾಗಿ ಮನೆ ತಗೊಂಡಿರೋ ನಮ್ಮ ಜನ ದಯವಿಟ್ಟು ಪೂರ್ತಿ ಓದಿ.

ಮೊದಲ ಕೆಲಸ: ನಿಮ್ಮೂರಲ್ಲಿ ಸೈಡ್‌ವಾಕ್ ಯಾರ ತಲೆ ಮೇಲಿದೆ ಅಂತ ತಿಳ್ಕೊಳ್ಳಿ

ಇಲ್ಲಿ ಎರಡು ಪ್ರಶ್ನೆ ಇದೆ, ಜನ ಎರಡನ್ನೂ ಕಲಸಿಬಿಡ್ತಾರೆ. ಒಂದು, ರಿಪೇರಿ ಖರ್ಚು ಯಾರ್ದು. ಇನ್ನೊಂದು, ಯಾರಾದ್ರೂ ಬಿದ್ದು ಗಾಯ ಆದ್ರೆ ಹೊಣೆ ಯಾರ್ದು.

ರಿಪೇರಿ ವಿಷಯಕ್ಕೆ ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಕಾನೂನೇ ಇದೆ, ಸ್ಟ್ರೀಟ್ಸ್ ಅಂಡ್ ಹೈವೇಸ್ ಕೋಡ್ ಸೆಕ್ಷನ್ 5610. ರಸ್ತೆಗೆ ಮುಖ ಮಾಡಿರೋ ಜಾಗದ ಮಾಲೀಕರೇ ಸೈಡ್‌ವಾಕನ್ನ ಯಾರಿಗೂ ಅಪಾಯ ಆಗ್ದಿರೋ ಸ್ಥಿತೀಲಿ ಇಟ್ಕೋಬೇಕು ಅನ್ನತ್ತೆ. ಅದೇ ಕಾನೂನಿನ ಮುಂದಿನ ಸೆಕ್ಷನ್‌ಗಳ ಪ್ರಕಾರ ನೋಟಿಸ್ ಕೊಟ್ಟು ಎರಡು ವಾರದಲ್ಲಿ ಕೆಲಸ ಶುರು ಮಾಡ್ಲಿಲ್ಲ ಅಂದ್ರೆ ಸಿಟಿಯವ್ರೇ ಮಾಡಿಸಿ ಆ ದುಡ್ಡನ್ನ ನಿಮ್ಮ ಮನೆ ಮೇಲೆ ಲೀನ್ ಆಗಿ, ಅಂದ್ರೆ ತೀರಿಸೋವರೆಗೂ ಮನೆ ಮೇಲೆ ಉಳಿಯೋ ಬಾಕಿಯಾಗಿ ಹಾಕ್ಬಹುದು. ಜಾಗ ಸಾರ್ವಜನಿಕರದ್ದು, ಖರ್ಚು ನಿಮ್ಮದು. ಕೆಲವು ಊರು ತಾವೇ ಮಾಡಿಸ್ತಾರೆ, ಕೆಲವು ಕಡೆ ಅರ್ಧರ್ಧ ಹಂಚ್ಕೊಳ್ಳೋ ಸ್ಕೀಮ್ ಇರತ್ತೆ, ಅದನ್ನ ಕೇಳ್ಕೊಳ್ಳಿ.

ಗಾಯದ ವಿಷಯ ಸ್ವಲ್ಪ ಬೇರೆ. 5610 ಇದೆ ಅನ್ನೋ ಒಂದೇ ಕಾರಣಕ್ಕೆ ಬಿದ್ದೋರು ನಿಮ್ಮ ಮೇಲೆ ಕೇಸ್ ಹಾಕಿ ಗೆಲ್ಲೋಕಾಗಲ್ಲ, ಅದು ಸಿಟಿಗೂ ನಿಮಗೂ ನಡುವಿನ ಕರ್ತವ್ಯ ಅಷ್ಟೇ ಅಂತ ಇಲ್ಲಿನ ಕೋರ್ಟ್‌ಗಳು 1940ರ ದಶಕದಿಂದ ಹೇಳ್ಕೊಂಡು ಬಂದಿವೆ. ಆದ್ರೆ ಸಿಟಿಗಳು ತಮ್ಮದೇ ಆರ್ಡಿನೆನ್ಸ್ (ಊರಿನ ಸ್ಥಳೀಯ ಕಾನೂನು) ಮಾಡಿ ಆ ಹೊಣೆನೂ ಮಾಲೀಕರ ಮೇಲೆ ಹಾಕ್ಬಹುದು. ಸ್ಯಾನ್ ಹೋಸೆ ಅದನ್ನೇ ಮಾಡಿದೆ. ಸರಿಯಾಗಿ ನೋಡ್ಕೊಳ್ದೆ ಯಾರಿಗಾದ್ರೂ ಗಾಯ ಆದ್ರೆ ಮಾಲೀಕರೇ ಬಾಧ್ಯರು ಅಂತ ಇಲ್ಲಿನ ಮುನಿಸಿಪಲ್ ಕೋಡ್‌ನಲ್ಲಿದೆ, 2004ರಲ್ಲಿ ಕ್ಯಾಲಿಫೋರ್ನಿಯಾದ ಅಪೀಲ್ ಕೋರ್ಟ್ ಅದು ಸರಿ ಅಂತ ಎತ್ತಿ ಹಿಡೀತು. ಹಾಗಂತ ಎಲ್ಲಾ ಊರಲ್ಲೂ ಹೀಗೇ ಅನ್ಕೋಬೇಡಿ. ಫ್ರೀಮಾಂಟ್‌ನಲ್ಲಿರೋ ಸ್ನೇಹಿತ ಹೇಳಿದ್ದು ಸನಿವೇಲ್‌ಗೆ ಅನ್ವಯ ಆಗಲ್ಲ. ನಿಮ್ಮ ಸಿಟಿ ಹೆಸರು ಹಾಕಿ ಮುನಿಸಿಪಲ್ ಕೋಡ್ ತೆಗೆದು "ಸೈಡ್‌ವಾಕ್" ಅಂತ ಹುಡುಕಿ, ಹತ್ತು ನಿಮಿಷದ ಕೆಲಸ.

ಆರ್ಡಿನೆನ್ಸ್ ಇಲ್ದಿರೋ ಊರಲ್ಲೂ ತಪ್ಪಿಸ್ಕೊಳ್ಳೋಕಾಗದ ಸಂದರ್ಭ ಇದೆ: ಹಾಳಾಗೋಕೆ ನೀವೇ ಕಾರಣ ಆಗಿದ್ರೆ. ನೀವು ನೆಟ್ಟ ಮರದ ಬೇರು ಎತ್ತಿದ್ರೆ, ನೀವು ಮಾಡಿಸಿದ ಪ್ಯಾಚ್ ಸರಿ ಇಲ್ದೇ ಇದ್ರೆ, ನಿಮ್ಮ ಸ್ಪ್ರಿಂಕ್ಲರ್ ಲೀಕ್ ಆಗಿ ಪಾಚಿ ಕಟ್ಟಿದ್ರೆ. 2000ರಲ್ಲಿ ಬಂದ ಒಂದು ತೀರ್ಪಲ್ಲಂತೂ ಒಂದು ಎಚ್‌ಓಎ (ಮನೆ ಮಾಲೀಕರ ಸಂಘ) ಸೈಡ್‌ವಾಕ್ ಪಕ್ಕದ ಮರಗಳನ್ನ ತಾನೇ ನೋಡ್ಕೊಳ್ತಾ ಇದ್ದಿದ್ರಿಂದ ಆ ಬೇರಿಂದ ಎದ್ದ ಸ್ಲ್ಯಾಬ್‌ಗೂ ಹೊಣೆ ಬರ್ಬಹುದು ಅಂತ ಕೋರ್ಟ್ ಹೇಳ್ತು. ಅಂದ್ರೆ ಕರ್ಬ್‌ಗೂ (ರಸ್ತೆ ಅಂಚಿನ ಕಟ್ಟೆ) ಸೈಡ್‌ವಾಕ್‌ಗೂ ಮಧ್ಯೆ ಇರೋ ಪಾರ್ಕ್ ಸ್ಟ್ರಿಪ್‌ನ ಮರಕ್ಕೆ ನೀರು ಗೊಬ್ಬರ ಹಾಕ್ತಿರೋರು ನೀವಾಗಿದ್ರೆ ಅದ್ರ ಬೇರಿನ ಕಡೆನೂ ಕಣ್ಣಿಡಿ.

ಬೇರೆ ರಾಜ್ಯದೋರಿಗೆ ಎರಡು ಮಾತು. ನ್ಯೂಯಾರ್ಕ್ ಸಿಟೀಲಿ 2003ರ ಸೆಪ್ಟೆಂಬರ್ 14ರಿಂದ ಗಾಯದ ಹೊಣೆ ಮಾಲೀಕರದ್ದೇ, ಆದ್ರೆ ಮಾಲೀಕರು ತಾವೇ ಪೂರ್ತಿ ಅಥವಾ ಭಾಗಶಃ ವಾಸ ಇರೋ, ವಾಸಕ್ಕೆ ಮಾತ್ರ ಬಳಸೋ ಒಂದರಿಂದ ಮೂರು ಫ್ಯಾಮಿಲಿ ಮನೆಗಳಿಗೆ ವಿನಾಯಿತಿ ಇದೆ. ನ್ಯೂಜೆರ್ಸಿಯಲ್ಲಿ 1981ರಿಂದ ಕಮರ್ಷಿಯಲ್ ಜಾಗದೋರಿಗೆ ಹೊಣೆ ಇದೆ, ಸಾಮಾನ್ಯ ವಾಸದ ಮನೆಯೋರಿಗೆ ಹಾಗಿಲ್ಲ, ಆದ್ರೆ ಅಲ್ಲೂ ನೀವೇ ಕೆಡಿಸಿದ್ರೆ ಬೇರೆ ಮಾತು.

ಎರಡನೇ ಕೆಲಸ: ಅಳೀರಿ, ಫೋಟೋ ತೆಗೀರಿ

ಒಂದು ಟೇಪ್, ಒಂದು ಉದ್ದ ನೇರ ಪಟ್ಟಿ ಅಥವಾ ಲೆವೆಲ್, ಮತ್ತೆ ಜೇಬಲ್ಲಿ ಏಳು ಕ್ವಾರ್ಟರ್, ಅಂದ್ರೆ 25 ಸೆಂಟ್ ನಾಣ್ಯ. ಏಳು ಕ್ವಾರ್ಟರ್ ಒಂದರ ಮೇಲೊಂದು ಇಟ್ರೆ ಹತ್ರ ಹತ್ರ ಅರ್ಧ ಇಂಚು ಆಗತ್ತೆ. ಸ್ಲ್ಯಾಬ್ ಅಂಚಿನ ಪಕ್ಕ ಇಡಿ, ಸ್ಲ್ಯಾಬ್ ಅದಕ್ಕಿಂತ ಎತ್ತರ ಇದ್ರೆ ಇವತ್ತೇ ಏನಾದ್ರೂ ಮಾಡ್ಬೇಕು ಅಂತ ಅರ್ಥ.

ಅರ್ಧ ಇಂಚು ಯಾಕೆ ಅಂದ್ರೆ, ಅಂಗವಿಕಲರ ಓಡಾಟಕ್ಕೆ ಇರೋ ಎಡಿಎ ಮಾನದಂಡದಲ್ಲಿ ಕಾಲು ಇಂಚಿನವರೆಗಿನ ನೆಟ್ಟಗಿನ ಎತ್ತರ ವ್ಯತ್ಯಾಸ ಹಾಗೇ ಬಿಡ್ಬಹುದು, ಕಾಲಿಂದ ಅರ್ಧ ಇಂಚಿನವರೆಗೆ ಅಂಚನ್ನ ಇಳಿಜಾರು ಮಾಡ್ಬೇಕು, ಅರ್ಧ ದಾಟಿದ್ರೆ ರ‍್ಯಾಂಪ್ ಥರಾನೇ ಬೇಕು. ನ್ಯೂಯಾರ್ಕ್‌ನಲ್ಲೂ ಅರ್ಧ ಇಂಚು ಬಂದ್ರೆ ಎಡವೋ ಅಪಾಯ ಅಂತಲೇ ಲೆಕ್ಕ. ಕ್ಯಾಲಿಫೋರ್ನಿಯಾ ಕೋರ್ಟ್‌ಗಳಲ್ಲಿ "ಕ್ಷುಲ್ಲಕ ದೋಷ" ಅನ್ನೋ ವಾದ ಇದೆ, ಮುಕ್ಕಾಲು ಇಂಚು ಎದ್ದಿದ್ದನ್ನೂ ಕ್ಷುಲ್ಲಕ ಅಂತ ಬಿಟ್ಟಿರೋ ತೀರ್ಪುಗಳಿವೆ. ಆದ್ರೆ ಅದನ್ನ ನಂಬ್ಕೊಂಡು ಕೂರ್ಬೇಡಿ. ಬರೀ ಎತ್ತರ ನೋಡಲ್ಲ, ಅಂಚು ಚೂಪಾಗಿ ಮುರಿದಿತ್ತಾ, ಬೆಳಕಿತ್ತಾ, ಮೇಲೆ ಎಲೆ ಮುಚ್ಚಿತ್ತಾ, ಮುಂಚೆ ಯಾರಾದ್ರೂ ಬಿದ್ದಿದ್ರಾ ಎಲ್ಲಾ ನೋಡ್ತಾರೆ. ಅದೂ ಅಲ್ದೆ ಚಪ್ಪಲಿ ಹಾಕ್ಕೊಂಡು, ಕಾಲು ಸ್ವಲ್ಪ ಎಳೆದು ನಡೆಯೋ ವಯಸ್ಸಾದೋರಿಗೆ ಅರ್ಧ ಇಂಚು ಸಾಕು ಬೀಳೋಕೆ, ಕೋರ್ಟ್ ಏನಾದ್ರೂ ಅನ್ಲಿ.

ಎತ್ತರ ಮಾತ್ರ ಅಲ್ಲ, ಜಾಯಿಂಟ್ ಅಗಲನೂ ಅಳೀರಿ. ಎಡಿಎ ಪ್ರಕಾರ ನಡೆಯೋ ಜಾಗದಲ್ಲಿ ಅರ್ಧ ಇಂಚಿನ ಗುಂಡು ತೂರೋ ಅಷ್ಟು ಬಿರುಕು ಇರ್ಬಾರ್ದು. ವಾಕರ್ ಚಕ್ರ, ಊರುಗೋಲಿನ ತುದಿ, ಹೈ ಹೀಲ್ಸ್ ಸಿಕ್ಕಾಕ್ಕೊಳ್ಳೋದು ಅಲ್ಲೇ. ಪ್ರತಿ ಜಾಗಕ್ಕೂ ಟೇಪ್ ಕಾಣೋ ಹಾಗೆ ಒಂದು ಹತ್ರದ ಫೋಟೋ, ಮನೆ ಕಾಣೋ ಹಾಗೆ ಒಂದು ದೂರದ ಫೋಟೋ. ಫೋನಲ್ಲಿ ತಾರೀಖು ತಾನಾಗೇ ಉಳಿಯತ್ತೆ.

ಮೂರನೇ ಕೆಲಸ: ಯಾಕೆ ಹಾಳಾಯ್ತು ಅಂತ ಕಂಡ್ಕೊಳ್ಳಿ

ಇಲ್ಲಿ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರೆ ನಾನು ಎಡವಿದ್ದು ಇಲ್ಲೇ. ಕಾರಣ ತಿಳೀದೆ ಮೇಲ್ಮೇಲೆ ಸಿಮೆಂಟ್ ಮೆತ್ತಿದ್ರೆ ವರ್ಷದೊಳಗೆ ವಾಪಸ್ ಬರತ್ತೆ.

ಸೈಡ್‌ವಾಕ್‌ನಲ್ಲಿ ಗೆರೆ ಗೆರೆ ಕಾಣತ್ತಲ್ಲ, ಅವೆಲ್ಲ ಒಂದೇ ಅಲ್ಲ. ಸಾಮಾನ್ಯವಾಗಿ ಐದೈದು ಅಡಿಗೆ ಇರೋ ಸಣ್ಣ ಗೀರು ಕಂಟ್ರೋಲ್ ಜಾಯಿಂಟ್. ಹೊಸ ಕಾಂಕ್ರೀಟ್ ಒಣಗ್ತಾ ಕುಗ್ಗತ್ತೆ, ಅಂದಾಜು ಹತ್ತು ಅಡಿಗೆ ಇಂಚಿನ ಹದಿನಾರನೇ ಒಂದು ಭಾಗ, ಆಗ ಎಲ್ಲೋ ಒಂದ್ಕಡೆ ಬಿರುಕು ಬಿಡ್ಲೇಬೇಕು, ಅದು ನಾವು ಹೇಳಿದ ಜಾಗದಲ್ಲೇ ಬಿಡ್ಲಿ ಅಂತ ಗೀರು ಹಾಕಿರ್ತಾರೆ. ಇದ್ರ ಆಳ ಸ್ಲ್ಯಾಬ್ ದಪ್ಪದ ಕಾಲು ಭಾಗ ಇರ್ಬೇಕು, ನಾಲ್ಕು ಇಂಚು ಸ್ಲ್ಯಾಬ್‌ಗೆ ಒಂದು ಇಂಚು. ಇದ್ರೊಳಗೆ ಕೂದಲೆಳೆ ಬಿರುಕು ಕಂಡ್ರೆ ಗಾಬರಿ ಬೇಡ, ಅದು ತನ್ನ ಕೆಲಸ ಮಾಡಿದೆ.

ಎಕ್ಸ್‌ಪ್ಯಾನ್ಷನ್ ಜಾಯಿಂಟ್ ಬೇರೆ. ಅದು ಮೇಲಿಂದ ಕೆಳಗಿನವರೆಗೂ ಪೂರ್ತಿ ಬಿಟ್ಟಿರೋ ಸಂದು, ಸಾಮಾನ್ಯವಾಗಿ ಅರ್ಧ ಇಂಚು, ಮಧ್ಯೆ ಡಾಂಬರಲ್ಲಿ ಅದ್ದಿದ ಫೈಬರ್ ಹಲಗೆ ಇರತ್ತೆ, ಹಳೇ ಕ್ಯಾಲಿಫೋರ್ನಿಯಾ ಮನೆಗಳಲ್ಲಿ ರೆಡ್‌ವುಡ್ ಪಟ್ಟಿ ಇರತ್ತೆ. ಸೈಡ್‌ವಾಕ್ ಹೋಗಿ ಡ್ರೈವ್‌ವೇಗೆ, ಕರ್ಬ್‌ಗೆ, ಲೈಟ್ ಕಂಬಕ್ಕೆ, ಫೈರ್ ಹೈಡ್ರಂಟ್‌ಗೆ, ನೀರಿನ ಮೀಟರ್ ಡಬ್ಬಿಗೆ ತಾಗೋ ಕಡೆಯೆಲ್ಲ ಇದು ಬೇಕು. ಕಾರಣ ಬಿಸಿಲು. ಕಾಂಕ್ರೀಟ್ ಪ್ರತಿ ಡಿಗ್ರಿ ಫ್ಯಾರನ್‌ಹೀಟ್‌ಗೆ ಹತ್ತು ಲಕ್ಷದಲ್ಲಿ ಐದೂವರೆ ಭಾಗ ಹಿಗ್ಗತ್ತೆ. ಕೇಳೋಕೆ ಏನೂ ಅಲ್ಲ ಅನ್ಸತ್ತೆ, ಆದ್ರೆ ಚಳಿಗಾಲದ ಬೆಳಗಿನ ಜಾವ 40 ಡಿಗ್ರಿ ಇದ್ದ ಸ್ಲ್ಯಾಬ್ ಬೇಸಿಗೆ ಮಧ್ಯಾಹ್ನ 120 ಆದ್ರೆ, 100 ಅಡಿ ಉದ್ದಕ್ಕೆ ಸರಿಸುಮಾರು ಅರ್ಧ ಇಂಚು ಉದ್ದ ಆಗತ್ತೆ. ಆ ಅರ್ಧ ಇಂಚಿಗೆ ಜಾಗ ಇಲ್ಲ ಅಂದ್ರೆ ಒಂದೋ ಅಂಚು ಪುಡಿ ಆಗತ್ತೆ, ಇಲ್ಲ ಎರಡು ಸ್ಲ್ಯಾಬ್ ಒಂದಕ್ಕೊಂದು ಒತ್ತಿ ಮೇಲಕ್ಕೆ ಏಳತ್ತೆ.

ಈಗ ಆ ಫೈಬರ್ ಹಲಗೆ ಕೊಳೆತು ಹೋಯ್ತು ಅನ್ಕೊಳ್ಳಿ. ಸಂದಿಗೆ ಮಣ್ಣು, ಸಣ್ಣ ಕಲ್ಲು ತುಂಬ್ಕೊಳತ್ತೆ, ಕಲ್ಲು ಅದುಮಿಕೊಳ್ಳಲ್ಲ, ಹಾಗಾಗಿ ಜಾಯಿಂಟ್ ಇದ್ದೂ ಇಲ್ದಂಗೆ. ಮಳೆಗಾಲದಲ್ಲಿ ಅದೇ ಸಂದಿಂದ ನೀರು ಇಳಿದು ಕೆಳಗಿನ ಮಣ್ಣು ಕೊಚ್ಕೊಂಡು ಹೋಗತ್ತೆ, ಸ್ಲ್ಯಾಬ್ ಒಂದ್ಕಡೆ ಕುಸಿಯತ್ತೆ. ನಮ್ಮ ಸ್ಯಾಂಟಾ ಕ್ಲಾರಾ ಕಣಿವೆಯ ಎಷ್ಟೋ ಕಡೆ ಜೇಡಿ ಮಣ್ಣು, ನೀರು ಕುಡಿದ್ರೆ ಊದತ್ತೆ, ಬೇಸಿಗೇಲಿ ಕುಗ್ಗಿ ಬಿರುಕು ಬಿಡತ್ತೆ, ನಮ್ಮ ಕಡೆ ಎರೆಮಣ್ಣು ಇದ್ದ ಹಾಗೇನೇ. ಅದ್ರ ಜೊತೆ ಸ್ಲ್ಯಾಬ್ ಕೆಳಗೆ ತಂಪು, ತೇವ, ಗಾಳಿ ಸಿಗತ್ತೆ ಅಂತ ಮರದ ಬೇರು ಅಲ್ಲಿಗೇ ಹೋಗತ್ತೆ.

ಪತ್ತೆ ಹಚ್ಚೋದು ಹೀಗೆ: ಮರದ ಕಡೆಯ ಅಂಚು ಮಾತ್ರ ಎದ್ದು ಗೋಪುರದ ಥರ ಆಗಿದ್ರೆ ಬೇರು. ಒಂದು ಮೂಲೆ ತಗ್ಗಾಗಿ ಮಳೆ ಬಂದಾಗ ನೀರು ನಿಂತ್ರೆ, ಸುತ್ತಿಗೇಲಿ ತಟ್ಟಿದಾಗ ಟೊಳ್ಳು ಶಬ್ದ ಬಂದ್ರೆ ಕುಸಿತ. ಜಾಯಿಂಟ್‌ನ ಎರಡೂ ಕಡೆ ಅಂಚು ಚೂರು ಚೂರು ಎದ್ದು ಹೋಗಿದ್ರೆ ಹಿಗ್ಗೋಕೆ ಜಾಗ ಇಲ್ಲ ಅಂತ. ನಮ್ಮನೇಲಿ ಮೂರೂ ಇತ್ತು.

ನಾಲ್ಕನೇ ಕೆಲಸ: ಅವತ್ತೇ ಎಚ್ಚರಿಕೆ ಹಾಕಿ

ರಿಪೇರಿ ಮುಗಿಯೋಕೆ ವಾರಗಟ್ಟಲೆ ಆಗ್ಬಹುದು. ಅಲ್ಲೀವರೆಗೂ ಎದ್ದಿರೋ ಅಂಚಿನ ಮುಂದೆ ಕಿತ್ತಳೆ ಕೋನ್ ಇಡಿ, ಎಲೆ ಗುಡಿಸಿ, ಮುಂದಿನ ಲೈಟ್ ಉರಿಯೋ ಹಾಗೆ ನೋಡ್ಕೊಳ್ಳಿ. ಕೋಲ್ಡ್ ಪ್ಯಾಚ್ ಡಾಂಬರು ಹಾಕಿ ಅಂಚಿಗೆ ತಾತ್ಕಾಲಿಕ ಇಳಿಜಾರು ಮಾಡ್ಬಹುದಾ ಅಂತ ಸಿಟಿಯವ್ರನ್ನ ಕೇಳಿ. ಮನೇಲಿ ಅಪ್ಪ ಅಮ್ಮ ಬಂದಿದ್ರೆ ಅವ್ರಿಗೂ ಜಾಗ ತೋರಿಸಿ ಹೇಳಿ.

ಐದನೇ ಕೆಲಸ: ಜಾಯಿಂಟ್ ರಿಪೇರಿ, ಇದನ್ನ ನೀವೇ ಮಾಡ್ಬಹುದು

ಸ್ಲ್ಯಾಬ್‌ಗಳು ಮಟ್ಟವಾಗಿದ್ದು ಬರೀ ಸಂದು ಹಾಳಾಗಿದ್ರೆ ಶನಿವಾರ ಒಂದು ದಿನದ ಕೆಲಸ. ಸಾರ್ವಜನಿಕ ಜಾಗ ಆದ್ರಿಂದ ಸೀಲ್ ಮಾಡೋಕೆ ಪರ್ಮಿಟ್ ಬೇಕಾ ಅಂತ ಒಂದು ಫೋನ್ ಮಾಡಿ ಕೇಳ್ಕೊಂಡು ಶುರು ಮಾಡಿ.

ಎಲ್ಲಕ್ಕಿಂತ ಮುಖ್ಯ, ಎಕ್ಸ್‌ಪ್ಯಾನ್ಷನ್ ಜಾಯಿಂಟ್‌ಗೆ ಸಿಮೆಂಟ್ ಗಾರೆ ತುಂಬ್ಬೇಡಿ. ನಮ್ಮಲ್ಲಿ ಸಂದು ಕಂಡ್ರೆ ಸಿಮೆಂಟ್ ಮೆತ್ತೋ ಅಭ್ಯಾಸ ಇದೆ, ಅಪ್ಪಂದಿರು ಬಂದ್ರಂತೂ ಮೊದಲು ಅದನ್ನೇ ಹೇಳ್ತಾರೆ. ಗಾರೆ ಗಟ್ಟಿಯಾದ ಮೇಲೆ ಅದೂ ಕಲ್ಲೇ, ಮುಂದಿನ ಬೇಸಿಗೇಲಿ ಅದೇ ಸ್ಲ್ಯಾಬ್ ಅಂಚು ಒಡೆಯತ್ತೆ.

ಮೊದಲು ಹಳೇ ಹಲಗೆ, ಮಣ್ಣು, ಹುಲ್ಲು, ಹಳೇ ಸೀಲೆಂಟ್ (ಸಂದು ಮುಚ್ಚೋ ರಬ್ಬರ್ ಥರದ ಅಂಟು) ಎಲ್ಲಾ ಕೆರೆದು ತೆಗೀರಿ, ಹಳೇ ಸ್ಕ್ರೂಡ್ರೈವರ್ ಸಾಕು, ಆಮೇಲೆ ವೈರ್ ಬ್ರಷ್, ಆಮೇಲೆ ಶಾಪ್ ವ್ಯಾಕ್ಯೂಮ್. ನೀರಲ್ಲಿ ತೊಳೆದ್ರೆ ಪೂರ್ತಿ ಒಣಗೋವರೆಗೂ ಬಿಡಿ, ಒದ್ದೆ ಕಾಂಕ್ರೀಟ್‌ಗೆ ಸೀಲೆಂಟ್ ಹಿಡಿಯಲ್ಲ. ಹೊಸ ಕಾಂಕ್ರೀಟ್ ಆಗಿದ್ರೆ ಸಾಮಾನ್ಯವಾಗಿ 28 ದಿನ ಕಾಯ್ಬೇಕು.

ಆಮೇಲೆ ಬ್ಯಾಕರ್ ರಾಡ್, ಅಂದ್ರೆ ಫೋಮ್ ಹಗ್ಗ. ಸಂದಿಗಿಂತ ಕಾಲು ಭಾಗ ದಪ್ಪ ಇರೋದು ತಗೊಳ್ಳಿ, ಅರ್ಧ ಇಂಚು ಸಂದಿಗೆ ಇಂಚಿನ ಎಂಟನೇ ಐದು ಭಾಗದ್ದು. ಬಿಗಿಯಾಗಿ ಒತ್ತಿ ಮೇಲ್ಮೈಯಿಂದ ಸುಮಾರು ಇಂಚಿನ ಎಂಟನೇ ಮೂರು ಭಾಗ ಕೆಳಗೆ ಕೂರಿಸಿ, ಚೂಪಾದ್ದರಲ್ಲಿ ಚುಚ್ಚಬೇಡಿ. ಇದ್ಯಾಕೆ ಬೇಕು ಅಂದ್ರೆ ಸೀಲೆಂಟ್ ಎರಡು ಪಕ್ಕದ ಗೋಡೆಗೆ ಮಾತ್ರ ಅಂಟ್ಬೇಕು, ತಳಕ್ಕೆ ಅಂಟ್ಬಾರ್ದು. ಮೂರು ಕಡೆ ಅಂಟಿದ್ರೆ ಎಳೆದಾಗ ರಬ್ಬರ್ ಥರ ಹಿಗ್ಗೋಕಾಗ್ದೆ ಮಧ್ಯಕ್ಕೆ ಹರಿಯತ್ತೆ. ಅಂಗಡೀಲಿ ರಾಡ್ ಬೇಡ ಅಂತ ಬಿಟ್ಟು ಬರ್ಬೇಡಿ, ಸೀಲೆಂಟೂ ಉಳಿಯತ್ತೆ ಅದ್ರಿಂದ.

ಸೀಲೆಂಟ್‌ಗೆ ಪಾಲಿಯುರಿಥೇನ್ ಸೆಲ್ಫ್ ಲೆವೆಲಿಂಗ್ ಅಂತ ಕೇಳಿ. ಆಳ ಅಗಲದ ಅರ್ಧ, ಅರ್ಧ ಇಂಚು ಸಂದಿಗೆ ಕಾಲು ಇಂಚು ಸೀಲೆಂಟ್. ಮೇಲೆ ಒಂದು ಸ್ವಲ್ಪ ತಗ್ಗಲ್ಲೇ ನಿಲ್ಸಿ, ಬಿಸಿಲಿಗೆ ಸಂದು ಕಿರಿದಾದಾಗ ಅದು ಉಬ್ಬತ್ತೆ, ಮೇಲೆ ಬಂದ್ರೆ ಅದೇ ಕಾಲಿಗೆ ಸಿಗತ್ತೆ. ಹತ್ತು ಔನ್ಸ್ ಟ್ಯೂಬ್ ಈ ಅಳತೆಗೆ ಸುಮಾರು 12 ಅಡಿ ಬರತ್ತೆ, ದೊಡ್ಡ 29 ಔನ್ಸಿಂದು ಸುಮಾರು 35 ಅಡಿ, ಆದ್ರೆ ದೊಡ್ಡದಕ್ಕೆ ಗನ್ನೂ ದೊಡ್ಡದೇ ಬೇಕು. ಇಳಿಜಾರಿನ ಡ್ರೈವ್‌ವೇ ಕಡೆ ಸೆಲ್ಫ್ ಲೆವೆಲಿಂಗ್ ಹರಿದು ಹೋಗತ್ತೆ, ಅಲ್ಲಿಗೆ ಹರಿಯದೇ ಇರೋ ಥರದ್ದು. ತುದಿಗಳಲ್ಲಿ ಸೋರದ ಹಾಗೆ ಮೊದಲು ಮುಚ್ಚಿ, ಹಸಿ ಇರೋವಾಗ ಮೇಲೆ ಒಣ ಮರಳು ಉದುರಿಸಿದ್ರೆ ಬಣ್ಣ ಕಾಂಕ್ರೀಟ್‌ಗೆ ಹೊಂದತ್ತೆ. ಕನಿಷ್ಠ ಒಂದು ದಿನ ಯಾರೂ ತುಳೀದ ಹಾಗೆ ಕೋನ್ ಇಡಿ.

ಆರನೇ ಕೆಲಸ: ಎದ್ದಿರೋ ಸ್ಲ್ಯಾಬ್‌ಗೆ ಮೂರು ದಾರಿ

ಗ್ರೈಂಡ್ ಮಾಡೋದು ಅಗ್ಗ, ಬೇಗ. ಎದ್ದ ಅಂಚನ್ನ ಇಳಿಜಾರಾಗಿ ತೆಗೀತಾರೆ, ಒಂದು ಇಂಚು ಎದ್ದಿದ್ರೆ ಹನ್ನೆರಡು ಇಂಚು ಉದ್ದಕ್ಕೆ ಇಳಿಸ್ಬೇಕು, ಆಗ ಗಾಲಿಕುರ್ಚಿಗೂ ಸಲೀಸು. ನಾಲ್ಕು ಇಂಚು ಸ್ಲ್ಯಾಬ್‌ನಲ್ಲಿ ಒಂದು ಇಂಚಿಗಿಂತ ಜಾಸ್ತಿ ತೆಗೆದ್ರೆ ಸ್ಲ್ಯಾಬ್ ಬಡವಾಗತ್ತೆ. ಗ್ರೈಂಡರ್ ಬಾಡಿಗೆಗೆ ತಂದು ನೀವೇ ಮಾಡೋದಾದ್ರೆ ಬಟ್ಟೆ ಮಾಸ್ಕ್ ಸಾಲಲ್ಲ, ಕಾಂಕ್ರೀಟ್ ಧೂಳಲ್ಲಿರೋ ಸಿಲಿಕಾ ಶ್ವಾಸಕೋಶಕ್ಕೆ ಸೇರಿದ್ರೆ ಜೀವನಪೂರ್ತಿ ಹೋಗಲ್ಲ. ಸರಿಯಾದ ರೆಸ್ಪಿರೇಟರ್, ಧೂಳು ಎಳೆಯೋ ವ್ಯಾಕ್ಯೂಮ್ ಅಥವಾ ನೀರು, ಇಷ್ಟಿಲ್ದೇ ಮಾಡ್ಬೇಡಿ.

ಕುಸಿದಿದ್ರೆ ಎತ್ತಿಸಬಹುದು. ಸ್ಲ್ಯಾಬ್‌ಗೆ ಸಣ್ಣ ತೂತು ಕೊರೆದು ಕೆಳಗೆ ಸಿಮೆಂಟ್ ಗಾರೆ ಅಥವಾ ಪಾಲಿಯುರಿಥೇನ್ ಫೋಮ್ ಪಂಪ್ ಮಾಡ್ತಾರೆ. ಟೊಳ್ಳಿಗೆ ಒಳ್ಳೇದು, ಬೇರಿಂದ ಎದ್ದಿದ್ದಕ್ಕೆ ಉಪಯೋಗ ಇಲ್ಲ.

ಚೂರಾಗಿದ್ರೆ, ಬೇರು ತುಂಬಾ ಎತ್ತಿದ್ರೆ ಹೊಸದಾಗಿ ಹಾಕ್ಸೋದೇ. ಇಲ್ಲಿ ಒಂದು ಎಚ್ಚರ: ಬುಡದ ಹತ್ರ ದಪ್ಪ ಬೇರು ಕಡಿದ್ರೆ ಗಾಳಿ ಮಳೇಲಿ ಮರವೇ ಮನೆ ಮೇಲೆ ಬೀಳ್ಬಹುದು. ಸ್ಯಾನ್ ಹೋಸೆಯಲ್ಲಿ ಬೀದಿ ಮರ ಸವರೋಕೂ, ತೆಗೆಯೋಕೂ ಸಿಟಿ ಪರ್ಮಿಟ್ ಬೇಕು. ಬೇರಿಗೆ ಕೈ ಹಾಕೋ ಮುಂಚೆ ಸಿಟಿ ಮತ್ತೆ ಸರ್ಟಿಫೈಡ್ ಆರ್ಬರಿಸ್ಟ್ (ಮರದ ತಜ್ಞ) ಇಬ್ರನ್ನೂ ಕೇಳಿ. ಅಗೆಯೋ ಮುಂಚೆ 811ಕ್ಕೆ ಫೋನ್ ಮಾಡೋದು ಕಡ್ಡಾಯ, ಗ್ಯಾಸ್ ಕರೆಂಟ್ ಲೈನ್ ಎಲ್ಲಿದೆ ಅಂತ ಪುಕ್ಕಟೆ ಗುರುತು ಹಾಕ್ಕೊಡ್ತಾರೆ, ಕನಿಷ್ಠ ಎರಡು ಕೆಲಸದ ದಿನ ಮುಂಚೆ ಹೇಳಿ.

ಏಳನೇ ಕೆಲಸ: ಕಾಂಟ್ರ್ಯಾಕ್ಟರ್ ಹತ್ರ ಜಾಯಿಂಟ್ ಬಗ್ಗೆ ಬರೆಸ್ಕೊಳ್ಳಿ

ನಾನು ಮೊದಲ ಸಲ ಕರೆಸಿದೋರು ಎರಡು ಸ್ಲ್ಯಾಬ್ ಒಡೆದು ಹೊಸದಾಗಿ ಹಾಕಿದ್ರು, ನೋಡೋಕೆ ಬೆಣ್ಣೆ ಥರ ಇತ್ತು. ಆದ್ರೆ ಡ್ರೈವ್‌ವೇಗೆ ತಾಗೋ ಕಡೆ ಜಾಯಿಂಟೇ ಬಿಟ್ಟಿರ್ಲಿಲ್ಲ, ನೇರ ಅದಕ್ಕೇ ಸೇರಿಸಿ ಹಾಕಿಬಿಟ್ಟಿದ್ರು, ನನಗೂ ಆಗ ಗೊತ್ತಿರ್ಲಿಲ್ಲ. ಮುಂದಿನ ಬೇಸಿಗೇಲಿ ಆ ಮೂಲೆ ಅಡ್ಡಡ್ಡಕ್ಕೆ ಸೀಳ್ತು, ಫೋನ್ ಮಾಡಿದ್ರೆ "ಕಾಂಕ್ರೀಟ್ ಅಂದ್ಮೇಲೆ ಬಿರುಕು ಬಿಡತ್ತೆ" ಅಂದ್ರು. ಕಾಗದದಲ್ಲಿ ಏನೂ ಇರ್ಲಿಲ್ಲ, ವಾದ ಮಾಡೋಕಾಗ್ಲಿಲ್ಲ. ಕೊಟ್ಟ ದುಡ್ಡು ಹೋಯ್ತು, ಅದಕ್ಕಿಂತ ಹೆಚ್ಚಾಗಿ ಮತ್ತೆ ಅದೇ ಜಾಗದಲ್ಲಿ ಜನ ಎಡವೋ ಹಾಗಾಯ್ತಲ್ಲ ಅಂತ ನಿದ್ದೆ ಬರ್ಲಿಲ್ಲ.

ಅದಕ್ಕೇ ಒಪ್ಪಂದದಲ್ಲಿ ಇಷ್ಟು ಬರೆಸಿ: ದಪ್ಪ ಎಷ್ಟು (ಸಾಮಾನ್ಯ ನಾಲ್ಕು ಇಂಚು, ಡ್ರೈವ್‌ವೇ ದಾಟೋ ಕಡೆ ಆರು, ನಿಮ್ಮ ಸಿಟಿ ಹೇಳಿದ್ದೇ ಅಂತಿಮ), ಕೆಳಗೆ ಮಣ್ಣು ದಮ್ಮಸ್ ಮಾಡೋದು, ಹಳೇ ಸ್ಲ್ಯಾಬ್‌ಗೂ ಡ್ರೈವ್‌ವೇಗೂ ಕಂಬಕ್ಕೂ ತಾಗೋ ಕಡೆಯೆಲ್ಲ ಪೂರ್ತಿ ಆಳದ ಅರ್ಧ ಇಂಚು ಜಾಯಿಂಟ್, ಐದು ಅಡಿಗೊಂದು ಒಂದು ಇಂಚು ಆಳದ ಕಂಟ್ರೋಲ್ ಜಾಯಿಂಟ್, ಜಾರದ ಹಾಗೆ ಬ್ರೂಮ್ ಫಿನಿಶ್ (ಹಸಿ ಕಾಂಕ್ರೀಟ್ ಮೇಲೆ ಪೊರಕೆ ಎಳೆದ ಗೀರು), ಅಡ್ಡ ಇಳಿಜಾರು ನೂರಕ್ಕೆ ಎರಡು ದಾಟ್ಬಾರ್ದು. ಬೇರಿನ ಕಾಟ ಇದ್ರೆ ಜಾಯಿಂಟಲ್ಲಿ ನುಣುಪಾದ ಸ್ಟೀಲ್ ಡೋವೆಲ್ (ಎರಡು ಸ್ಲ್ಯಾಬ್ ನಡುವೆ ಹಾಕೋ ಸರಳು) ಹಾಕ್ತೀರಾ ಕೇಳಿ, ಒಂದು ಅರ್ಧಕ್ಕೆ ಗ್ರೀಸ್ ಹಚ್ಚಿರ್ತಾರೆ, ಸ್ಲ್ಯಾಬ್ ಹಿಂದೆ ಮುಂದೆ ಸರಿಯತ್ತೆ ಆದ್ರೆ ಒಂದು ಮೇಲೆ ಒಂದು ಕೆಳಗೆ ಆಗಲ್ಲ. ಹಾಕಿದ್ಮೇಲೆ ಒಂದು ವಾರ ತೇವ ಇಡಿ, ಊರಲ್ಲಿ ಗೋಣಿಚೀಲ ಹೊದಿಸಿ ನೀರು ಹಾಕ್ತಿದ್ರಲ್ಲ, ಅದೇ ಕೆಲಸ.

ಕ್ಯಾಲಿಫೋರ್ನಿಯಾದಲ್ಲಿ ಕಾಂಕ್ರೀಟ್ ಕೆಲಸದ ಲೈಸೆನ್ಸ್ ಸಿ-8. ಸಿಎಸ್ಎಲ್‌ಬಿ (ಕಾಂಟ್ರ್ಯಾಕ್ಟರ್ ಲೈಸೆನ್ಸ್ ಕೊಡೋ ರಾಜ್ಯದ ಮಂಡಳಿ) ಸೈಟಲ್ಲಿ ನಂಬರ್ ಹಾಕಿ ನೋಡಿ, ವರ್ಕರ್ಸ್ ಕಾಂಪ್ (ಕೆಲಸಗಾರರಿಗೆ ಗಾಯ ಆದ್ರೆ ಕೊಡೋ ಇನ್ಶೂರೆನ್ಸ್) ಇದ್ಯಾ ಅದನ್ನೂ ನೋಡಿ. ಮನೆ ಕೆಲಸಕ್ಕೆ ಮುಂಗಡ ಒಟ್ಟು ಮೊತ್ತದ ಹತ್ತು ಪರ್ಸೆಂಟ್ ಅಥವಾ 1,000 ಡಾಲರ್, ಯಾವುದು ಕಮ್ಮಿನೋ ಅಷ್ಟೇ ಕೇಳ್ಬಹುದು. ಜಾಸ್ತಿ ಕೇಳಿದ್ರೆ ಬೇರೆಯೋರನ್ನ ನೋಡಿ. ಪರ್ಮಿಟ್ ಯಾರು ತಗೋತಾರೆ ಅನ್ನೋದನ್ನೂ ಬರೆಸಿ, ಕೊನೇಲಿ ಇನ್ಸ್‌ಪೆಕ್ಷನ್ ಆದ ಕಾಗದ ಎತ್ತಿಡಿ.

ಎಂಟನೇ ಕೆಲಸ: ಇನ್ಶೂರೆನ್ಸ್ ಪಾಲಿಸಿ ತೆಗೆದು ಓದಿ

ಹೋಮ್‌ಓನರ್ಸ್ ಪಾಲಿಸೀಲಿ ಎರಡು ಸಾಲು ಹುಡುಕಿ. ಒಂದು ಪರ್ಸನಲ್ ಲಯಬಿಲಿಟಿ, ಎಷ್ಟೋ ಜನರದ್ದು 1 ಲಕ್ಷ ಡಾಲರ್‌ನಲ್ಲೇ ಇರತ್ತೆ. ಸೊಂಟದ ಮೂಳೆ ಮುರಿದು ಸರ್ಜರಿ ಆದ್ರೆ ಇಲ್ಲಿನ ಆಸ್ಪತ್ರೆ ಬಿಲ್ಲಿಗೆ ಅದು ಎಲ್ಲಿ ಸಾಲತ್ತೆ, 3 ಅಥವಾ 5 ಲಕ್ಷಕ್ಕೆ ಏರ್ಸೋಕೆ ಎಷ್ಟಾಗತ್ತೆ ಅಂತ ಏಜೆಂಟನ್ನ ಕೇಳಿ. ಇನ್ನೊಂದು ಮೆಡಿಕಲ್ ಪೇಮೆಂಟ್ಸ್ ಟು ಅದರ್ಸ್, ಸಾಮಾನ್ಯವಾಗಿ 1,000 ದಿಂದ 5,000 ಡಾಲರ್, ಇದಕ್ಕೆ ತಪ್ಪು ಯಾರ್ದು ಅಂತ ನೋಡಲ್ಲ, ಬಿದ್ದೋರ ಸಣ್ಣ ಪುಟ್ಟ ಚಿಕಿತ್ಸೆ ಖರ್ಚಿಗೆ ಕೊಡ್ತಾರೆ. ಪಕ್ಕದ ಮನೆಯೋರ ಜೊತೆ ಸಂಬಂಧ ಕೆಡದ ಹಾಗೆ ಉಳಿಸೋದು ಎಷ್ಟೋ ಸಲ ಇದೇ. ಮನೆ, ಉಳಿತಾಯ ಸೇರಿ ಆಸ್ತಿ ಜಾಸ್ತಿ ಇದ್ರೆ 10 ಲಕ್ಷ ಡಾಲರ್ ಅಂಬ್ರೆಲಾ ಪಾಲಿಸಿ (ಮೊದಲಿನ ಪಾಲಿಸಿ ಮಿತಿ ದಾಟಿದ ಮೇಲೆ ಕೊಡೋದು) ಬಗ್ಗೆ ವಿಚಾರಿಸಿ. "ಮನೆ ಮುಂದಿನ ಪಬ್ಲಿಕ್ ಸೈಡ್‌ವಾಕ್ ಮೇಲೆ ಬಿದ್ರೆ ಕವರ್ ಆಗತ್ತಾ" ಅಂತ ಈಮೇಲ್‌ನಲ್ಲೇ ಕೇಳಿ, ಉತ್ತರ ಬರವಣಿಗೇಲಿ ಇರತ್ತೆ.

ಅಷ್ಟಾದ್ರೂ ಯಾರಾದ್ರೂ ಬಿದ್ರೆ

ಮೊದಲು ಮನುಷ್ಯರು. ಎಬ್ಬಿಸೋಕೆ ಎಳೀಬೇಡಿ, ಸೊಂಟ ತಲೆಗೆ ಪೆಟ್ಟಾಗಿದೆ ಅನ್ಸಿದ್ರೆ 911. ನೀರು ಕೊಡಿ, ಮನೆಯೋರಿಗೆ ಫೋನ್ ಮಾಡ್ಕೊಡಿ.

ಮಾತಿನ ವಿಷಯ. ಕೇಸ್ ಆಗತ್ತೆ ಅಂತ ಹೆದರಿ ಬಾಗಿಲು ಹಾಕ್ಕೊಳ್ಳೋದು ಬೇಡ, ಅದು ನಮ್ಮ ಸಂಸ್ಕಾರ ಅಲ್ಲ, ಕಾನೂನೂ ಹಾಗೆ ಹೇಳಲ್ಲ. ಕ್ಯಾಲಿಫೋರ್ನಿಯಾ ಎವಿಡೆನ್ಸ್ ಕೋಡ್ 1160ರ ಪ್ರಕಾರ ಆಕ್ಸಿಡೆಂಟ್ ಆದಾಗ ತೋರಿಸಿದ ಅನುಕಂಪವನ್ನ ಸಿವಿಲ್ ಕೇಸಲ್ಲಿ ನಿಮ್ಮ ತಪ್ಪಿಗೆ ಸಾಕ್ಷಿಯಾಗಿ ಬಳಸೋ ಹಾಗಿಲ್ಲ. ಆದ್ರೆ "ತಪ್ಪು ನಮ್ದೇ" ಅಂದ್ರೆ ಆ ಮಾತನ್ನ ಬಳಸ್ಬಹುದು. ಅಂದ್ರೆ "ಅಯ್ಯೋ, ತುಂಬಾ ನೋವಾಯ್ತಾ, ನನಗೆ ಬೇಜಾರಾಯ್ತು" ಅನ್ನಿ, ನಾನು ಅವತ್ತು ಅಂದ ಹಾಗೆ "ಸರಿ ಮಾಡಿಸ್ಬೇಕಿತ್ತು" ಅಂತ ಶುರು ಮಾಡ್ಬೇಡಿ. ಅಪ್ಪ ಅಮ್ಮನಿಗೂ ಇದನ್ನ ನಿಧಾನವಾಗಿ ತಿಳಿಸಿ ಹೇಳಿ.

ಆಮೇಲೆ ಅದೇ ಬೆಳಕಲ್ಲಿ ಫೋಟೋ, ಅಳತೆ, ಹೊತ್ತು, ಅವ್ರು ಏನು ಚಪ್ಪಲಿ ಹಾಕಿದ್ರು, ಯಾರು ನೋಡಿದ್ರು ಎಲ್ಲಾ ಬರೆದಿಡಿ. ಇನ್ಶೂರೆನ್ಸ್‌ಗೆ ಕೂಡ್ಲೇ ತಿಳಿಸಿ, ತಡ ಮಾಡಿದ್ರೆ ಕವರೇಜಿಗೇ ತಕರಾರು ತೆಗೀಬಹುದು. ಕೈಯಿಂದ ದುಡ್ಡು ಕೊಡೋದು, ಕಾಗದಕ್ಕೆ ಸಹಿ ಹಾಕೋದು ಎರಡೂ ಬೇಡ, ವಕೀಲರ ಪತ್ರ ಬಂದ್ರೆ ಉತ್ತರ ಬರೀದೆ ಹಾಗೇ ಇನ್ಶೂರೆನ್ಸ್‌ಗೆ ಕಳ್ಸಿ.

ಈಗ ರಿಪೇರಿ ಮಾಡಿದ್ರೆ ತಪ್ಪೊಪ್ಕೊಂಡ ಹಾಗೆ ಆಗತ್ತಲ್ವಾ ಅಂತ ಸುಮಾರು ಜನ ಕೇಳ್ತಾರೆ. ಇಲ್ಲ. ಎವಿಡೆನ್ಸ್ ಕೋಡ್ 1151ರ ಪ್ರಕಾರ ಆಮೇಲೆ ಮಾಡಿದ ರಿಪೇರಿಯನ್ನ ನಿರ್ಲಕ್ಷ್ಯಕ್ಕೆ ಸಾಕ್ಷಿಯಾಗಿ ತರೋ ಹಾಗಿಲ್ಲ. ಕೋನ್ ಇಟ್ಟು, ಚೆನ್ನಾಗಿ ಫೋಟೋ ತೆಗೆದು, ಇನ್ಶೂರೆನ್ಸ್‌ಗೆ ಒಂದು ಮಾತು ಹೇಳಿ ಬೇಗ ಮಾಡಿಸಿ. ಬಿಟ್ರೆ ಎರಡನೇ ಅವ್ರು ಬೀಳ್ತಾರೆ, ಆಗ "ಗೊತ್ತಿರ್ಲಿಲ್ಲ" ಅನ್ನೋಕೂ ಆಗಲ್ಲ.

ಕೇಸ್ ಹಾಕೋಕೆ ಗಾಯಗೊಂಡೋರಿಗೆ ಸಾಮಾನ್ಯವಾಗಿ ಎರಡು ವರ್ಷ ಟೈಮ್ ಇರತ್ತೆ, ಹಾಗಾಗಿ ಫೋಟೋ, ಬಿಲ್ಲು ಎಲ್ಲಾ ಅದಕ್ಕಿಂತ ಜಾಸ್ತಿ ದಿನ ಇಟ್ಕೊಳ್ಳಿ. ಮಾಲೀಕರ ಮೇಲೆ ಹೊಣೆ ಬಂದ್ರೂ ಸಿಟಿದು ಪೂರ್ತಿ ಹೋಗತ್ತೆ ಅಂತೇನಿಲ್ಲ, ಬಿದ್ದೋರ ಅಜಾಗರೂಕತೆಗೂ ಪಾಲು ಹಾಕ್ತಾರೆ, ಆದ್ರೆ ಅದೆಲ್ಲ ವಕೀಲರ ಕೆಲಸ, ಅವ್ರನ್ನ ಕೇಳಿ ಮಾಡಿ.

ಬಿದ್ದೋರು ನಿಮ್ಮ ಅಪ್ಪ ಅಮ್ಮನೇ ಆಗಿದ್ರೆ, ಅದೂ ಬೇರೆ ಕಡೆ, ಆಗ ಒಂದು ತಾರೀಖು ನೆನಪಿಡಿ. ಸಿಟಿ ಮೇಲೆ ಗಾಯದ ಕ್ಲೈಮ್ ಹಾಕೋಕೆ ಕ್ಯಾಲಿಫೋರ್ನಿಯಾದಲ್ಲಿ ಆರೇ ತಿಂಗಳು. ವಿಸಿಟರ್ ವೀಸಾದಲ್ಲಿ ಬಂದೋರಿಗೆ ಸಾಮಾನ್ಯವಾಗಿ ಇರೋಕೆ ಕೊಡೋದೂ ಆರು ತಿಂಗಳೇ, ಅವ್ರು ಊರಿಗೆ ವಾಪಸ್ ಹೋಗಿ, ನೋವು ಕಮ್ಮಿಯಾಗ್ಲಿಲ್ಲ ಅಂತ ಅಲ್ಲಿ ಎಕ್ಸ್‌ರೇ ತೆಗೆಸೋ ಹೊತ್ತಿಗೆ ಇಲ್ಲಿ ಗಡುವು ಮುಗಿದಿರತ್ತೆ. ಬಿದ್ದ ವಾರದಲ್ಲೇ ಡಾಕ್ಟರಿಗೆ ತೋರಿಸಿ ರಿಪೋರ್ಟ್ ಇಟ್ಕೊಳ್ಳಿ, ಜಾಗದ ಫೋಟೋ ತೆಗೀರಿ.

ನಾನು ಈಗ ವರ್ಷಕ್ಕೆ ಎರಡು ಸಲ ನೋಡ್ತೀನಿ, ಅಕ್ಟೋಬರ್‌ನಲ್ಲಿ ಮಳೆ ಶುರುವಾಗೋ ಮುಂಚೆ ಜಾಯಿಂಟ್‌ಗಳು, ಏಪ್ರಿಲ್‌ನಲ್ಲಿ ಮಣ್ಣು ಊದಿದ ಮೇಲೆ ಎತ್ತರ. ಏಳು ಕ್ವಾರ್ಟರ್ ಗ್ಯಾರೇಜ್ ಡ್ರಾಯರ್‌ನಲ್ಲಿ ಟೇಪ್ ಜೊತೇಲೇ ಇದೆ, ಫೋಟೋ ಅದೇ ಜಾಗದಿಂದ ಅದೇ ಕಡೆಯಿಂದ ತೆಗೀತೀನಿ. ಮರದ ಪಕ್ಕದ ಸ್ಲ್ಯಾಬ್ ಕಳೆದ ಏಪ್ರಿಲ್‌ನಲ್ಲಿ ಎರಡು ಕ್ವಾರ್ಟರ್ ಎತ್ತರಕ್ಕೆ ಬಂದಿತ್ತು, ನಾಲ್ಕಕ್ಕೆ ಬಂದ್ರೆ ಗ್ರೈಂಡ್ ಮಾಡಿಸ್ತೀನಿ.